ಬೇಗ ಬರುವ ಮೆಕ್ಕೆಜೋಳ: ಒಳ್ಳೆ ಹೊಲದಲ್ಲಿ ಮಾತ್ರ ಆರಿಸಿದರೆ ಸಾಲದು

ನನ್ನ ಮೆಕ್ಕೆಜೋಳ ಈಗ ಮೊದಲಿಗಿಂತ ಹತ್ತು-ಹನ್ನೆರಡು ದಿನ ಮುಂಚೆ ಕೊಯ್ಲಿಗೆ ಬರುತ್ತಿದೆ. ‘ಮನೆ ಬೀಜ ಆರಿಸಿ ಹೊಸ ತಳಿ ಮಾಡ್ತಾನಂತೆ’ ಎಂದು ನಕ್ಕವರೇ ಬೀಜ ಕೇಳುತ್ತಿದ್ದಾರೆ. ಕೊಡೋಣ, ಸ್ವಲ್ಪ ಕಾಯಲಿ.

ಮೊದಲು ಎಲ್ಲರ ದಾರಿಯನ್ನೇ ಹಿಡಿದಿದ್ದೆ. ಒಳ್ಳೆ ಹೊಲ, ಮೊದಲು ತೆನೆಯ ಕೂದಲು (ಹೆಣ್ಣು ಹೂವಿನ ಎಳೆ) ಬಿಟ್ಟ ಗಿಡಕ್ಕೆ ಗುರುತಿನ ದಾರ, ಆ ತೆನೆ ಬೀಜಕ್ಕೆ. ಎರಡು ಮೂರು ಬೆಳೆ ಕಳೆದರೂ ಏನೂ ಬದಲಾಗಲಿಲ್ಲ. ಗೊಬ್ಬರ ಜಾಸ್ತಿ ಬಿದ್ದ ಕಡೆಯ ಗಿಡಗಳು, ಬದುವಿನ ಪಕ್ಕದ ಗಿಡಗಳು, ಇವೇ ದಾರ ಕಟ್ಟಿಸಿಕೊಳ್ಳುತ್ತಿದ್ದವು. ಅದು ಜಾಗದ ಗುಣ, ಬೀಜದ್ದಲ್ಲ. ಅಮೆರಿಕದ ಮೆಕ್ಕೆಜೋಳ ತಳಿ ವಿಜ್ಞಾನಿ ಗಾರ್ಡ್ನರ್ 1961ರಲ್ಲೇ ಇದಕ್ಕೆ ಉಪಾಯ ಹೇಳಿದ್ದರು: ಹೊಲವನ್ನು ಚೌಕ ಚೌಕ ಮಾಡಿ, ಆಯಾ ಚೌಕದೊಳಗೇ ಹೋಲಿಸಿ ಆರಿಸುವುದು. ಅವರದು ಇಳುವರಿಗಾಗಿ. ನಾನು ಅದರ ಮೇಲೆ ಇನ್ನೊಂದು ಹೆಜ್ಜೆ ಹಾಕಿದೆ.

ನೂರೈವತ್ತರಷ್ಟು ತೆನೆ ತೆಗೆದು, ಪ್ರತಿ ತೆನೆಯ ಕಾಳನ್ನು ನಾಲ್ಕು ಪಾಲು ಮಾಡಿದೆ. ಒಂದು ನೀರಿರುವ ಹೊಲಕ್ಕೆ, ಒಂದು ಒಣ ಕಲ್ಲುಭೂಮಿಗೆ, ಒಂದು ಚಳಿ ಬಿಡುವ ಮುಂಚೆಯೇ ಬಿತ್ತನೆಗೆ. ನಾಲ್ಕನೆಯದು ಡಬ್ಬಿಯಲ್ಲಿ. ಮೂರೂ ಕಡೆ ಬೇಗ ಬಂದ ತೆನೆಗಳ ಡಬ್ಬಿ ಕಾಳನ್ನೇ ಮುಂದಿನ ಬೆಳೆಗೆ ಒಟ್ಟಿಗೆ ಬಿತ್ತುವುದು. ಅಲ್ಲಿ ತಡವಾಗಿ ಬರುವ ಗಿಡಗಳ ಸೂಲಂಗಿಯನ್ನು (ತುದಿಯ ಗಂಡು ಹೂವನ್ನು) ಪರಾಗ ಉದುರುವ ಮುಂಚೆಯೇ ಕಿತ್ತುಬಿಡಬೇಕು. ತಾಯಿಯನ್ನಷ್ಟೇ ಆರಿಸಿ ತಂದೆಯನ್ನು ಬಿಟ್ಟರೆ ಅರ್ಧ ಶ್ರಮ ಗಾಳಿಗೆ ಹೋದಂತೆ, ಅಲ್ವಾ?

ಒಣ ಹೊಲವೇ ನಿಜವಾದ ಪರೀಕ್ಷೆ. ನೀರು ಕಮ್ಮಿಯಾದಾಗ ಸೂಲಂಗಿ ತನ್ನ ಸಮಯಕ್ಕೆ ಬರುತ್ತದೆ, ಕೂದಲು ಮಾತ್ರ ಹಿಂದೆ ಬೀಳುತ್ತದೆ. ಎರಡೂ ಜೊತೆಗೆ ಬಂದ ಸಾಲು ಕಂಡರೆ ಬಿಡಬೇಡಿ. ಮೂರು ಹೊಲದ ಅಂಕಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಣ ಹೊಲಕ್ಕೆ ಜಾಸ್ತಿ ಅಂತ ಮಾತ್ರ ಹೇಳುತ್ತೇನೆ.

ದುಡ್ಡು? ಅಳುವಷ್ಟು ಹೋಯಿತು. ಒಂದು ವರ್ಷ ಒಣ ಹೊಲ ಪೂರ್ತಿ ಸುಟ್ಟು, ಕೂದಲೇ ಹೊರಬರಲಿಲ್ಲ. ಚಳಿಯ ಬಿತ್ತನೆಯಲ್ಲಿ ಮುಕ್ಕಾಲು ಬೀಜ ಕೊಳೆಯಿತು. ಆದರೂ ಉಳಿದ ಕಾಲು ಭಾಗದಿಂದಲೇ ಒಳ್ಳೆಯ ಸಾಲುಗಳು ಸಿಕ್ಕವು. ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿ. ಹೂ ಬಿಡುವ ಎರಡು ವಾರ ದಿನಾ ಬೆಳಿಗ್ಗೆ ಸಾಲು ಸಾಲು ಓಡಾಡಲು ಜನ ಬೇಕೇ ಬೇಕು. ಕೂಲಿ ಉಳಿಸಲು ಒಮ್ಮೆ ಮುಂದಿನ ಬೆಳೆಗೆ ಆರಿಸುವುದನ್ನು ಹತ್ತೇ ತೆನೆಗೆ ಇಳಿಸಿ ನೋಡಿದೆ. ಹತ್ತಿರದ ಸಂಬಂಧದ ಗಿಡಗಳೇ ತಮ್ಮತಮ್ಮಲ್ಲಿ ಕೂಡಿ ಗಿಡ ಬಡಕಲಾದವು, ತೆನೆ ತುಂಬಲಿಲ್ಲ. ಈಗ ಮೂವತ್ತಕ್ಕಿಂತ ಕೆಳಗೆ ಇಳಿಯುವುದಿಲ್ಲ.

ನಡುವೆ ಗ್ಯಾಸ್ಪೆ ಫ್ಲಿಂಟ್ ಎಂಬ ಕೆನಡಾದ ಹಳೆ ಮೆಕ್ಕೆಜೋಳ ತಳಿಯ ಜೊತೆಗೂ ಕೂಡಿಸಿದ್ದೆ. ಅದರಷ್ಟು ಬೇಗ ಬರುವ ತಳಿ ಸಿಗುವುದು ಕಷ್ಟ. ಆದರೆ ಗಿಡ ಕುಳ್ಳು, ತೆನೆ ಬೆರಳುದ್ದ. ಮರಿಗಳನ್ನು ಮತ್ತೆ ನನ್ನ ತಳಿಗೇ ಕೂಡಿಸುತ್ತಾ ಹೋದೆ, ಇನ್ನೂ ಸಮಾಧಾನವಿಲ್ಲ.

ಸಿಪ್ಪೆ ಒಣಗಿತೆಂದು ಬೇಗ ಮಾಗಿತು ಅಂದುಕೊಳ್ಳಬೇಡಿ. ಬರದಲ್ಲಿ ಸಿಪ್ಪೆ ಸುಮ್ನೆ ಒಣಗುತ್ತದೆ. ಕಾಳಿನ ಬುಡ ಕೆರೆದು ಕಪ್ಪು ಪದರ ನೋಡಿ, ಅದೇ ಮಾಗಿದ ಗುರುತು. ನನ್ನ ತಳಿಯಲ್ಲಿ ಎಲೆ ಎರಡು ಮೂರು ಕಮ್ಮಿ, ತೆನೆಯೂ ತುಸು ಸಣ್ಣದು. ಗಿಡ ಹತ್ತಿರ ಹತ್ತಿರ ಹಾಕಿ ಇಳುವರಿಯನ್ನು ಸುಮಾರಾಗಿ ಸರಿದೂಗಿಸಿದ್ದೇನೆ. ಕಾಳು ಹೊಲದಲ್ಲೇ ಒಣಗುವುದರಿಂದ ಒಣಗಿಸುವ ಖರ್ಚು ಉಳಿಯುತ್ತದೆ. ಹಾಕಿದ ದುಡ್ಡು ವಾಪಸ್ ಬರುತ್ತಿರುವುದು ಅಲ್ಲಿಂದಲೇ.