ರೈಲ್ವೆ ಗ್ರಾಹಕನೋ, ಲೈಸೆನ್ಸಿಯೋ: ಒಂದು ಸರ್ಚಾರ್ಜ್ ಕೇಸಿಗೆ ನೋಟ್ ಬರೆದದ್ದು

ವಿದ್ಯುತ್ ಕೇಸುಗಳಲ್ಲಿ ಎಸ್ಕಾಂಗಳ ಪರ ಕೆಲಸ ಮಾಡುವ ವಕೀಲ ನಾನು. ರಾಜ್ಯಗಳ ವಿದ್ಯುತ್ ನಿಯಂತ್ರಣ ಆಯೋಗಗಳಿಗೂ ರೈಲ್ವೆಗೂ ನಡೆಯುತ್ತಿದ್ದ ಜಗಳದ ಬಗ್ಗೆ ಒಂದು ನೋಟ್ ಮಾಡಪ್ಪ ಎಂದರು ಸೀನಿಯರ್. ಕಾಯ್ದೆ ಪುಸ್ತಕ ತೆರೆಯುವ ಮೊದಲು ಒಂದು ಬಿಳಿ ಹಾಳೆ ತಗೊಂಡು ಕರೆಂಟಿನ ದಾರಿ ಬರೆದೆ. ಗ್ರಿಡ್, ಅಲ್ಲಿಂದ ಟ್ರ್ಯಾಕ್ಷನ್ ಸಬ್‌ಸ್ಟೇಷನ್, ಅಲ್ಲಿ 25 ಕಿಲೋವೋಲ್ಟ್‌ಗೆ ಇಳಿದು ಹಳಿ ಮೇಲಿನ ತಂತಿ, ಅದರಿಂದ ಕರೆಂಟ್ ಎಳೆದುಕೊಳ್ಳುವ ಪ್ಯಾಂಟೋಗ್ರಾಫ್, ಎಂಜಿನ್. ಒಂದೊಂದರ ಪಕ್ಕದಲ್ಲೂ ‘ಇದು ಯಾರದು?’ ಎಂದು ಕೇಳಿಕೊಂಡೆ. ಸಬ್‌ಸ್ಟೇಷನ್ ದಾಟಿದ ಮೇಲೆ ಎಲ್ಲವೂ ರೈಲ್ವೆಯದ್ದೇ. ಉರಿಸುವವರೂ ಅವರೇ.

ಜಗಳ ದುಡ್ಡಿನದ್ದು. ದೊಡ್ಡ ಗ್ರಾಹಕರು ಜಾಸ್ತಿ ಕೊಡುವುದರಿಂದಲೇ ಸಣ್ಣವರ ದರ ಕಮ್ಮಿ ಇರುತ್ತದೆ. ಅವರು ಎಸ್ಕಾಂ ಬಿಟ್ಟು ಓಪನ್ ಆಕ್ಸೆಸ್‌ನಲ್ಲಿ ಬೇರೆ ಕಡೆ ಕರೆಂಟ್ ಕೊಂಡರೆ, 2003ರ ವಿದ್ಯುತ್ ಕಾಯ್ದೆಯ ಕಲಂ 42ರ ಪ್ರಕಾರ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಕಟ್ಟಬೇಕು. ರೈಲ್ವೆ ಹೇಳಿದ್ದೇ ಬೇರೆ: ‘ನಾವು ಗ್ರಾಹಕರೇ ಅಲ್ಲ. ಸರ್ಕಾರವೇ ವಿತರಣೆ ಮಾಡಿದರೆ ಕಲಂ 14ರಡಿ ಅದು ತಾನಾಗಿಯೇ ಲೈಸೆನ್ಸಿ (ಕರೆಂಟ್ ಹಂಚಲು ಪರವಾನಗಿ ಇರುವವರು), ಲೈಸೆನ್ಸಿಗೆ ಈ ಸರ್ಚಾರ್ಜ್ ಇಲ್ಲ.’ ಜೊತೆಗೆ ರೈಲು ಓಡಿಸಲು ಬೇಕಾದ ವಿದ್ಯುತ್ ವ್ಯವಸ್ಥೆ ಕಟ್ಟಿ ನಡೆಸುವ ಅಧಿಕಾರ ಕೊಡುವ 1989ರ ರೈಲ್ವೆ ಕಾಯ್ದೆಯ ಕಲಂ 11 ಬೇರೆ. ಸುಮ್ನೆ ತಳ್ಳಿಹಾಕುವ ವಾದ ಅಲ್ಲ ಇದು. 2015ರಲ್ಲಿ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವೇ ಇದನ್ನು ಒಪ್ಪಿಕೊಂಡಿತ್ತು. ಹಾಗಾಗಿ ನೋಟಿನ ಮೊದಲ ಭಾಗವನ್ನು ರೈಲ್ವೆಯ ವಕೀಲನೇ ಬರೆದ ಹಾಗೆ ಬರೆದೆ. ಸೀನಿಯರ್ ಓದಿ, ‘ಯಾರ ಕಡೆಯೋ ನೀನು?’ ಎಂದರು.

ಉತ್ತರ ಸಿಕ್ಕಿದ್ದು ಕಲಂ 2ರ ವ್ಯಾಖ್ಯೆಗಳಲ್ಲಿ. ವಿತರಣಾ ಲೈಸೆನ್ಸಿ ಎಂದರೆ ತನ್ನ ಪ್ರದೇಶದ ಗ್ರಾಹಕರಿಗೆ ಕರೆಂಟ್ ಪೂರೈಸುವವನು. ನನ್ನ ಹಾಳೆಯಲ್ಲಿ ಎಂಜಿನ್‌ವರೆಗೂ ಹುಡುಕಿದರೂ ಎರಡನೆಯವನೇ ಇಲ್ಲ. ತನಗೆ ತಾನೇ ಪೂರೈಸಿಕೊಂಡರೆ ಅದು ವಿತರಣೆ ಆಗುತ್ತದಾ? ಈ ಒಂದು ಪ್ರಶ್ನೆಗೇ ಮೂರು ಪುಟ ಕೊಟ್ಟೆ. ಸಂವಿಧಾನದ ಪಟ್ಟಿಗಳ ಚರ್ಚೆಗೆ (ರೈಲ್ವೆ ಕೇಂದ್ರದ್ದು, ವಿದ್ಯುತ್ ಇಬ್ಬರದ್ದೂ) ಒಂದೇ ಪ್ಯಾರಾ. ಕೇಳಲು ಭಾರಿ ವಿಷಯ, ಆದರೆ ಈ ಕೇಸಿಗೆ ಅಷ್ಟೇನೂ ಬೇಕಿರಲಿಲ್ಲ.

2024ರ ಫೆಬ್ರವರಿಯಲ್ಲಿ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಬೇರೆ ಬೇರೆ ರಾಜ್ಯಗಳ ಇಂಥ ಕೇಸುಗಳನ್ನು ಒಟ್ಟಿಗೆ ತೀರ್ಮಾನಿಸಿತು: ರೈಲ್ವೆ ವಿತರಣಾ ಲೈಸೆನ್ಸಿ ಅಲ್ಲ, ಸರ್ಚಾರ್ಜ್ ಕಟ್ಟಬೇಕು.

ನೋಟಿನಲ್ಲಿ ಹೆಚ್ಚುವರಿ ಸರ್ಚಾರ್ಜ್ ಅನ್ನು ನಾನು ಬೇರೆಯೇ ಇಟ್ಟಿದ್ದೆ. ಅದು ಎಸ್ಕಾಂನ ಸ್ಥಿರ ವೆಚ್ಚದ ಬಾಬತ್ತು. ಗ್ರಾಹಕ ಬಿಟ್ಟು ಹೋದದ್ದರಿಂದ ಖರೀದಿ ಒಪ್ಪಂದದ ಕರೆಂಟ್ ಬಳಕೆಯಾಗದೆ ಉಳಿಯಿತು, ಅದರ ಹೊರೆ ಎಸ್ಕಾಂ ಮೇಲೇ ಬಿತ್ತು ಎಂದು ತೋರಿಸಬೇಕು. ಅಲ್ಲಿ ವ್ಯಾಖ್ಯೆ ಓದಿದರೆ ಸಾಲದು, ಎಸ್ಕಾಂನವರ ಲೆಕ್ಕದ ಶೀಟುಗಳೇ ಬೇಕು. ಅವು ಬರುವುದೋ, ಕೇಳಿ ಕೇಳಿ ಸಾಕಾದ ಮೇಲೆ.