ಅಡುಗೆಮನೆಗೆ ಇನ್‌ಸ್ಪೆಕ್ಟರ್ ಬಂದ ದಿನ: ಹೋಟೆಲ್ ಲೈಸೆನ್ಸ್ ಪಡೆದ ನನ್ನ ಅನುಭವ

ಹೋಟೆಲ್ ಶುರು ಮಾಡಲು ಹೊರಟಾಗ ನಾನು ಮೊದಲು ಜಾಗ ಬಾಡಿಗೆಗೆ ಹಿಡಿದೆ. ಆಮೇಲೆ ಪ್ಲಂಬರ್‌ನನ್ನು ಕರೆಸಿ ಸಿಂಕು, ಪೈಪು ಎಲ್ಲ ಹಾಕಿಸಿದೆ. ಲೈಸೆನ್ಸ್ ಕೊಡುವ ಕಚೇರಿಯ ಮೆಟ್ಟಿಲು ಹತ್ತಿದ್ದು ಟೈಲ್ಸ್ ಕೆಲಸ ಮುಗಿದ ಮೇಲೆ. ಇದು ಪೂರ್ತಿ ತಲೆಕೆಳಗಾದ ಕ್ರಮ. ಹಾಕಿಸಿದ ಟೈಲ್ಸನ್ನು ಮತ್ತೆ ಒಡೆಸುವಾಗ ಅದು ನನಗೆ ಅರ್ಥವಾಯಿತು.

ಹೊಸದಾಗಿ ಹೋಟೆಲ್ ಇಡುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕಚೇರಿಗೆ ಹೋಗಿ ಕೇಳಿ. ಈ ಕಟ್ಟಡದಲ್ಲಿ ಅಡುಗೆ ಮಾಡಿ ಮಾರಲು ಅನುಮತಿ ಇದೆಯಾ? ಹೊಗೆ ಕೊಳವೆಯನ್ನು ಎಲ್ಲಿಂದ ಎಲ್ಲಿಗೆ ಒಯ್ಯಬಹುದು? ಜಿಡ್ಡಿನ ನೀರು ಎಲ್ಲಿಗೆ ಹೋಗಬೇಕು? ಹೊರಗೆ ಟೇಬಲ್ ಹಾಕಬಹುದಾ? ಹೋಟೆಲ್ ಅಂದರೆ ಒಂದೇ ಲೈಸೆನ್ಸ್ ಅಂತ ನಾನು ತಿಳಿದಿದ್ದೆ. ಆಹಾರದ್ದು ಒಂದು ಕಡೆ, ಬೆಂಕಿಯದ್ದು ಇನ್ನೊಂದು ಕಡೆ, ಚರಂಡಿಯದ್ದು ಮತ್ತೊಂದು ಕಡೆ. ಊರಿಂದ ಊರಿಗೆ ಇವು ಬದಲಾಗುತ್ತವೆ, ಪಕ್ಕದ ಊರಿನ ಗೆಳೆಯ ಹೇಳಿದ್ದು ನಿಮ್ಮಲ್ಲಿ ನಡೆಯದೇ ಇರಬಹುದು. ಹಾಗಾಗಿ ನಿಮ್ಮ ಕಚೇರಿಯಲ್ಲೇ ಕೇಳಿ. ಆಗುವುದಾದರೆ ಉತ್ತರವನ್ನು ಬರೆಸಿಕೊಳ್ಳಿ.

ಈಗ ಆ ಟೈಲ್ಸ್ ಕಥೆಗೆ ಬರುತ್ತೇನೆ. ಕೈ ತೊಳೆಯಲು ಬೇರೆ ಸಿಂಕ್ ಇರಬೇಕು ಅನ್ನುವ ನಿಯಮ ನನಗೆ ಗೊತ್ತಿತ್ತು. ಪಾತ್ರೆ ತೊಳೆಯುವ ಕೋಣೆಯಲ್ಲಿ ಒಂದು ಹಾಕಿಸಿದ್ದೆ. ಸೋಪು ಇತ್ತು, ಬಿಸಿನೀರಿತ್ತು, ಒರೆಸಲು ಪೇಪರ್ ಇತ್ತು. ಇನ್‌ಸ್ಪೆಕ್ಷನ್‌ಗೆ ಬಂದ ಮೇಡಂ ಅದನ್ನು ನೋಡಿ ಏನೂ ಹೇಳಲಿಲ್ಲ. ನಮ್ಮ ಅಡುಗೆಯ ಅಣ್ಣನನ್ನು ಕರೆದು, 'ನೀವು ಈಗಷ್ಟೇ ಹಸಿ ಮಾಂಸ ಹೆಚ್ಚಿದ್ದೀರಿ ಅಂದುಕೊಳ್ಳಿ. ಹೋಗಿ ಕೈ ತೊಳೆದು ಬನ್ನಿ' ಅಂದರು. ಅಣ್ಣ ಹನ್ನೊಂದು ಹೆಜ್ಜೆ ನಡೆದರು. ಬಾಗಿಲ ಹಿಡಿಕೆ ಹಿಡಿದು ತೆಗೆದರು. ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಕೈ ತೊಳೆದು, ಅದೇ ಹಿಡಿಕೆ ಹಿಡಿದು ವಾಪಸ್ ಬಂದರು.

'ಈಗ ಅವರ ಕೈ ಶುಚಿಯಾಗಿದೆಯಾ?' ಅಂತ ಮೇಡಂ ನನ್ನನ್ನು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ನಾನು ಆ ಹಿಡಿಕೆಯನ್ನೇ ನೋಡುತ್ತಿದ್ದೆ. ಹಸಿ ಮಾಂಸದ ಕೈ ಅದನ್ನು ಮುಟ್ಟಿತ್ತು, ತೊಳೆದ ಕೈಯೂ ಅದನ್ನೇ ಮುಟ್ಟಿತ್ತು. ಅದೂ ಅಲ್ಲದೆ, ಊಟದ ಹೊತ್ತಿನ ಗಡಿಬಿಡಿಯಲ್ಲಿ ಯಾರು ತಾನೇ ಪ್ರತಿ ಸಲ ಹನ್ನೊಂದು ಹೆಜ್ಜೆ ನಡೆಯುತ್ತಾರೆ? ಟೈಲ್ಸ್ ಒಡೆಸಿದೆ. ಹೆಚ್ಚುವ ಮೇಜಿನ ಪಕ್ಕದಲ್ಲೇ ಇನ್ನೊಂದು ಸಿಂಕ್ ಬಂತು, ಮೊಣಕೈಯಿಂದ ತಳ್ಳುವ ನಲ್ಲಿಯ ಜೊತೆ. ಖರ್ಚು ಎರಡರಷ್ಟಾಯಿತು. ಆದರೆ ಅವತ್ತಿನಿಂದ ನಿಯಮಗಳನ್ನು ಓದುವ ನನ್ನ ರೀತಿಯೇ ಬದಲಾಯಿತು. 'ಸಿಂಕ್ ಇದೆಯಾ' ಅಂತ ನೋಡುತ್ತಿದ್ದವನು 'ಕೈ ನಿಜವಾಗಿ ತೊಳೆಯುತ್ತಾರಾ' ಅಂತ ನೋಡತೊಡಗಿದೆ.

ಹೊರಡುವಾಗ ಮೇಡಂ ತಮ್ಮ ತಪಾಸಣೆಯ ಖಾಲಿ ನಮೂನೆಯ ಒಂದು ಪ್ರತಿ ಕೊಟ್ಟರು. ದಯವಿಟ್ಟು ನೀವೂ ಅದನ್ನು ಕೇಳಿ ಪಡೆಯಿರಿ. ಇನ್‌ಸ್ಪೆಕ್ಟರ್ ಯಾವುದಕ್ಕೆ ಎಷ್ಟು ಅಂಕ ಕಳೆಯುತ್ತಾರೆ ಅನ್ನುವುದು ಅದರಲ್ಲೇ ಇರುತ್ತದೆ. ಅದರಲ್ಲಿ ಎರಡು ಥರದ ಅಂಶಗಳಿದ್ದವು. ಕೆಲವು ನೇರವಾಗಿ ಜನರನ್ನು ಕಾಯಿಲೆ ಬೀಳಿಸುವಂಥವು: ಬಿಸಿ, ತಂಪು, ಕೈ, ಹಸಿ ಮತ್ತು ಬೆಂದದ್ದು ಒಂದಕ್ಕೊಂದು ಸೋಕುವುದು. ಉಳಿದವು ಕಟ್ಟಡದ ಸ್ಥಿತಿಗತಿ: ಬಿರುಕು ಬಿಟ್ಟ ಟೈಲ್, ಕವರ್ ಇಲ್ಲದ ಬಲ್ಬ್, ನೆಲಕ್ಕೆ ತಾಗಿದ ಮೂಟೆ. ನಾನು ಅಷ್ಟು ದಿನ ಎರಡನೆಯದರ ಹಿಂದೆ ಬಿದ್ದಿದ್ದೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ ತಾನೇ. ಅವತ್ತು ರಾತ್ರಿ ಪೆನ್ಸಿಲ್ ಹಿಡಿದು ನನ್ನ ಅಡುಗೆಮನೆಯನ್ನು ನಾನೇ ತಪಾಸಣೆ ಮಾಡಿದೆ. ಮೊದಲನೇ ಗುಂಪಿನಲ್ಲೇ ನಾಲ್ಕು ಕಡೆ ಫೇಲ್ ಆದೆ.

ಅದರಲ್ಲಿ ದೊಡ್ಡದು ಬಿಸಿ ಅಡುಗೆಯನ್ನು ತಣ್ಣಗೆ ಆರಿಸುವ ಕೆಲಸ. ಬೇಯಿಸುವುದರ ಬಗ್ಗೆ ಎಲ್ಲರಿಗೂ ಗೊತ್ತು. ಬೇಯಿಸಿದ್ದನ್ನು ಆರಿಸುವುದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, 60ಕ್ಕಿಂತ ಕೆಳಗೆ ಇರುವುದು ಅಪಾಯದ ವಲಯ. ರೋಗಾಣುಗಳು ಬೇಗ ಹೆಚ್ಚಾಗುವುದು ಅಲ್ಲೇ. ಎಷ್ಟೋ ಕಡೆ ನಿಯಮ ಹೆಚ್ಚುಕಡಿಮೆ ಹೀಗಿದೆ: ಬಿಸಿ ಅಡುಗೆ ಸುಮಾರು 60ರಿಂದ 2 ಗಂಟೆಯೊಳಗೆ 21 ಡಿಗ್ರಿಗೆ ಇಳಿಯಬೇಕು, ಅಲ್ಲಿಂದ ಇನ್ನು 4 ಗಂಟೆಯೊಳಗೆ 5ಕ್ಕೆ ಬರಬೇಕು. ಮೊದಲ 2 ಗಂಟೆ ಯಾಕಷ್ಟು ಬಿಗಿ? ಆ ಮಧ್ಯದ ಬಿಸಿಯಲ್ಲೇ ಅವು ಅತಿ ಜೋರಾಗಿ ಬೆಳೆಯುತ್ತವೆ. ದೊಡ್ಡ ಪಾತ್ರೆಯ ಅಡುಗೆಯಲ್ಲಿ ಸಿಗುವ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ ತನಗೆ ಹದವಾದ ಬಿಸಿಯಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಇನ್ನೂ ಕಷ್ಟದ್ದು. ಅದು ಬಿಡುವ ಒಂದು ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. 'ನಾಳೆ ಚೆನ್ನಾಗಿ ಬಿಸಿ ಮಾಡಿದರಾಯ್ತು' ಅನ್ನುವ ನಂಬಿಕೆ ನಮ್ಮ ಅಡುಗೆಮನೆಯಲ್ಲೂ ಇತ್ತು. ಅದು ತಪ್ಪು.

ಅಣ್ಣನಿಗೆ ಇಪ್ಪತ್ತು ವರ್ಷದ ಅನುಭವ. ನಾನು ಬಾಯಲ್ಲಿ ಹೇಳಿದರೆ ಅವರು ಯಾಕೆ ಒಪ್ಪಬೇಕು? ಒಂದು ರಾತ್ರಿ ಇಬ್ಬರೂ ಕೂತು ಅಳೆದು ನೋಡಿದೆವು. ಮೊದಲು ಥರ್ಮಾಮೀಟರ್ ಸರಿಯಿದೆಯಾ ಅಂತ ಪುಡಿ ಮಾಡಿದ ಐಸ್ ತುಂಬಿದ ನೀರಿನಲ್ಲಿ ಅದ್ದಿದೆವು. 0 ತೋರಿಸಿತು. ಇಪ್ಪತ್ತು ಲೀಟರ್ ಗಟ್ಟಿ ಸೂಪಿನ ಪಾತ್ರೆಯನ್ನು ಕಟ್ಟೆಯ ಮೇಲೆ ಹಾಗೇ ಬಿಟ್ಟೆವು. ನಡುವಿನ ಬಿಸಿ 60ಕ್ಕೆ ಬಂದಾಗ ಗಡಿಯಾರ ನೋಡಿಕೊಂಡೆವು. ಎರಡು ಗಂಟೆ ಕಳೆದ ಮೇಲೆ 49. ಅಂಚಿನಲ್ಲಿ ಮುಟ್ಟಿದರೆ ಉಗುರುಬೆಚ್ಚಗಿತ್ತು, ಕೈಗೆ ಅದು ಆರಿದ ಹಾಗೇ ಅನಿಸುತ್ತಿತ್ತು. ಬೆಳಗ್ಗೆ ಬಂದಾಗ 33. ರಾತ್ರಿಯಿಡೀ ಅದು ಅಪಾಯದ ವಲಯದೊಳಗೇ ಕೂತಿತ್ತು. ಆ ಪಾತ್ರೆಯನ್ನು ಪೂರ್ತಿ ಚೆಲ್ಲಿದೆವು.

ಮಾರನೆಯ ರಾತ್ರಿ ಬಿಸಿ ಪಾತ್ರೆಯನ್ನು ನೇರ ಫ್ರಿಜ್‌ನಲ್ಲಿಟ್ಟೆವು. ಅದಂತೂ ಇನ್ನೂ ಕೆಟ್ಟದಾಯಿತು. ಫ್ರಿಜ್‌ನ ಒಳಗಿನ ಗಾಳಿಯೇ 11 ಡಿಗ್ರಿಗೆ ಏರಿತು. ಪಕ್ಕದಲ್ಲಿದ್ದ ಹಾಲನ್ನು ಅವಸರದಲ್ಲಿ ಬೇರೆ ಫ್ರಿಜ್‌ಗೆ ಸಾಗಿಸಿದೆವು. ಮೂರನೇ ರಾತ್ರಿ ಅದೇ ಥರದ ಸೂಪನ್ನು ಅಗಲವಾದ ಟ್ರೇಗಳಿಗೆ ಸುಮಾರು 5 ಸೆಂಟಿಮೀಟರ್ ಎತ್ತರಕ್ಕೆ ಸುರಿದು, ಟ್ರೇಗಳನ್ನು ಐಸ್ ನೀರಿನ ಮೇಲಿಟ್ಟು, ಆಗಾಗ ಸೌಟಿನಿಂದ ಕಲಕಿದೆವು. ಐವತ್ತು ನಿಮಿಷಕ್ಕೆ 21. ಅಣ್ಣ ಥರ್ಮಾಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ಎಲ್ಲ ಟ್ರೇಗಳ ನಡುವಿಗೂ ಒಂದೊಂದಾಗಿ ಚುಚ್ಚಿ ನೋಡಿದರು. 'ನಾಳೆಯಿಂದ ಇನ್ನೂ ಆರು ಟ್ರೇ ಬೇಕು' ಅಂದರು. ಆಮೇಲೆ ಆ ವಿಷಯದಲ್ಲಿ ನಾನು ಒಂದು ಮಾತೂ ಹೇಳಬೇಕಾಗಿ ಬರಲಿಲ್ಲ.

ಹೀಗೆ ಅಪಾಯದ ಹಂತವನ್ನು ಹುಡುಕಿ ಅಲ್ಲೇ ತಡೆಯುವ ಕ್ರಮಕ್ಕೆ ಎಚ್‌ಎಸಿಸಿಪಿ ಅಂತ ಹೆಸರಿದೆ. ಮೊದಲು ಆ ಹೆಸರು ಕೇಳಿ ದೊಡ್ಡ ಕಾರ್ಖಾನೆಗಳಿಗೆ ಸಂಬಂಧಿಸಿದ್ದು ಅಂದುಕೊಂಡು ಬಿಟ್ಟಿದ್ದೆ. 1960ರ ಸುಮಾರಿಗೆ ಅಮೆರಿಕದಲ್ಲಿ ನಾಸಾಗಾಗಿ, ಗಗನಯಾತ್ರಿಗಳ ಊಟ ತಯಾರಿಸುವಾಗ ಹುಟ್ಟಿದ ವಿಧಾನ ಇದು. ಆಕಾಶದಲ್ಲಿ ಹೊಟ್ಟೆ ಕೆಟ್ಟರೆ ಡಾಕ್ಟರ್ ಸಿಗುವುದಿಲ್ಲ. ಹಾಗಂತ ತಯಾರಾದ ಪ್ರತಿ ಪೊಟ್ಟಣವನ್ನು ಒಡೆದು ಪರೀಕ್ಷೆ ಮಾಡಿದರೆ ತಿನ್ನಲು ಏನೂ ಉಳಿಯುವುದಿಲ್ಲ, ಅಲ್ವಾ? ಅದಕ್ಕೇ ಅವರು ತಯಾರಿಕೆಯ ಯಾವ ಹಂತದಲ್ಲಿ ಅಪಾಯ ಬರಬಹುದು ಅಂತ ಹುಡುಕಿ, ಆ ಹಂತವನ್ನೇ ಕಾದರು. ನಮಗೆ ಆರಿಸುವ ಟ್ರೇ ಅಂಥ ಒಂದು ಹಂತ.

ಫ್ರಿಜ್ ಎಷ್ಟು ಡಿಗ್ರಿಯಲ್ಲಿದೆ ಅಂತ ಬರೆಯುವ ದಾಖಲೆ ಪುಸ್ತಕದ ಬಗ್ಗೆಯೂ ಹೇಳಬೇಕು. ಶುರುವಿನಲ್ಲಿ ನಮ್ಮ ಹುಡುಗರು ದಿನದ ಕೊನೆಗೆ ಕೂತು ಎಲ್ಲ ಕಾಲಂಗಳಿಗೂ 4, 4, 4 ಅಂತ ಬರೆಯುತ್ತಿದ್ದರು. ಒಂದೇ ಪೆನ್ನು, ಒಂದೇ ಕೈ. ನಿಜವಾದ ಫ್ರಿಜ್ ಯಾವತ್ತೂ ಹಾಗೆ ಒಂದೇ ಅಂಕಿ ಕೊಡುವುದಿಲ್ಲ. ತಪಾಸಣೆ ಮಾಡುವವರಿಗೆ ಅದು ಮೊದಲ ನೋಟದಲ್ಲೇ ಗೊತ್ತಾಗುತ್ತದೆ. ನಾನು ಪುಸ್ತಕವನ್ನು ಮೇಜಿನಿಂದ ತೆಗೆದು ಫ್ರಿಜ್ ಬಾಗಿಲಿಗೆ ದಾರದಲ್ಲಿ ಕಟ್ಟಿದೆ. ಹೆಚ್ಚಿನ ಅಂಕಿ ಬರೆದರೆ ಬೈಯುವುದಿಲ್ಲ, ಸುಳ್ಳು ಅಂಕಿ ಬರೆದರೆ ಮಾತ್ರ ಕೇಳುತ್ತೇನೆ ಅಂದೆ. ಒಂದು ಬೆಳಗ್ಗೆ ಪಾತ್ರೆ ತೊಳೆಯುವಾತ 9 ಅಂತ ಬರೆದು ನನಗೆ ಫೋನ್ ಮಾಡಿದ. ಬಾಗಿಲ ರಬ್ಬರ್ ಹರಿದಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತು ಅಂತ ಗೊತ್ತಿಲ್ಲ, ಆದ್ದರಿಂದ ಕೆಡುವಂಥದ್ದೆಲ್ಲ ಚೆಲ್ಲಿದೆವು. ಚೆಲ್ಲಿದ್ದನ್ನೂ ರಬ್ಬರ್ ಬದಲಿಸಿದ್ದನ್ನೂ ಅದೇ ಸಾಲಿನಲ್ಲಿ ಬರೆದೆವು. ಮುಂದಿನ ತಪಾಸಣೆಯಲ್ಲಿ ಮೇಡಂ ಹೆಚ್ಚು ಹೊತ್ತು ನೋಡಿದ್ದು ಆ ಒಂದು ಪುಟವನ್ನೇ. ಸಂತೋಷದಿಂದ ತಲೆಯಾಡಿಸಿದರು.

ಹೊಗೆ, ಜಿಡ್ಡು, ಬೆಂಕಿ ಇವುಗಳಲ್ಲಿ ನನಗೆ ಜಾಸ್ತಿ ತೊಂದರೆ ಆಗಲಿಲ್ಲ. ಗ್ರೀಸ್ ಟ್ರ್ಯಾಪ್, ಅಂದರೆ ಚರಂಡಿಗೆ ಹೋಗುವ ನೀರಿನ ಜಿಡ್ಡನ್ನು ತಡೆಯುವ ತೊಟ್ಟಿ, ಕಾಲು ಭಾಗ ತುಂಬುವುದರೊಳಗೆ ಖಾಲಿ ಮಾಡಿಸಿ. ಒಲೆಯ ಮೇಲಿನ ಫಿಲ್ಟರ್ ತೊಳೆಯುವ ದಿನ ಗೊತ್ತು ಮಾಡಿ. ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹಾಕಬಾರದು ಅಂತ ಪ್ರತಿಯೊಬ್ಬರಿಗೂ ಹೇಳಿಕೊಡಿ. ಅಡುಗೆ ಎಣ್ಣೆಯ ಬೆಂಕಿಗೇ ಅಂತ ಬೇರೆ ನಂದಕ ಬರುತ್ತದೆ, ಅದನ್ನೇ ಇಡಿ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ನಿಯಮ ಇನ್ನೊಂದಿದೆ. ವಾಂತಿ, ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಆಹಾರ ಮುಟ್ಟಬಾರದು. ಗೋಡೆಯ ಮೇಲೆ ಇದನ್ನು ಅಂಟಿಸಿದರೆ ಸಾಕು ಅಂತ ಎಷ್ಟೋ ಮಾಲೀಕರು ತಿಳಿದಿದ್ದಾರೆ. ಆದರೆ ರಜೆ ಹಾಕಿದ ದಿನದ ಸಂಬಳ ಹಿಡಿದರೆ ಯಾರು ನಿಜ ಹೇಳುತ್ತಾರೆ? ಮಾತ್ರೆ ನುಂಗಿ ಸುಮ್ನೆ ಕೆಲಸಕ್ಕೆ ಬರುತ್ತಾರೆ. ನಮ್ಮಲ್ಲೂ ಒಬ್ಬರು ಹಾಗೆ ಬಂದಿದ್ದರು. ಮಧ್ಯಾಹ್ನ ಮುಖ ಬಿಳಿಚಿಕೊಂಡಾಗಲೇ ನನಗೆ ತಿಳಿದದ್ದು. ಮಗಳ ಶಾಲೆಯ ಫೀಸ್ ಕಟ್ಟುವ ವಾರ ಅದು, ಅವರನ್ನು ದೂರುವುದು ಹೇಗೆ? ತಪ್ಪು ನನ್ನದು. ಆ ತಿಂಗಳಿಂದ ಹೊಟ್ಟೆ ಕೆಟ್ಟವರಿಗೆ ಸಂಬಳ ಸಹಿತ ರಜೆ ಕೊಡುತ್ತಿದ್ದೇನೆ. ಇದನ್ನು ದುರುಪಯೋಗ ಮಾಡುತ್ತಾರೆ ಅಂತ ಕೆಲವರು ಹೆದರಿಸಿದರು. ಇಲ್ಲಿಯವರೆಗೆ ಹಾಗೆ ಯಾರೂ ಮಾಡಿಲ್ಲ.

ಇನ್‌ಸ್ಪೆಕ್ಟರ್ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಇನ್ನೊಮ್ಮೆ ಬಂದ ಒಬ್ಬ ಅಧಿಕಾರಿ ಮರದ ಕಪಾಟನ್ನೆಲ್ಲ ಕೂಡಲೇ ಕಿತ್ತು ಹಾಕಿ ಅಂದರು. 'ಖಂಡಿತ ಸರ್, ಇದು ಯಾವ ಕಲಮಿನಲ್ಲಿದೆ ಅಂತ ಬರೆದುಕೊಡ್ತೀರಾ? ಅದರ ಪ್ರಕಾರವೇ ಮಾಡಿಸ್ತೀನಿ' ಅಂದೆ. ಅವರು ನಿಯಮ ತೆಗೆದು ಓದಿದರು. ನುಣುಪಾಗಿರಬೇಕು, ನೀರು ಹೀರಬಾರದು, ತೊಳೆಯಲು ಬರಬೇಕು ಅಂತ ಮಾತ್ರ ಇತ್ತು. ಕಪಾಟಿಗೆ ನೀರು ಹೀರದ ನುಣುಪು ಹಾಳೆ ಹೊದಿಸಿದೆವು, ಒಪ್ಪಿಕೊಂಡರು. ಜಗಳ ಆಡಬೇಡಿ, ಹೆದರಲೂ ಬೇಡಿ. ಬರವಣಿಗೆಯಲ್ಲಿ ಕೇಳಿ.

ತಪಾಸಣೆಯ ಫಲಿತಾಂಶವನ್ನು ಬಾಗಿಲಲ್ಲೇ ತೂಗುಹಾಕುವ ಪದ್ಧತಿ ಹಲವು ನಗರಗಳಲ್ಲಿದೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1998ರಿಂದ, ನ್ಯೂಯಾರ್ಕ್‌ನಲ್ಲಿ 2010ರಿಂದ ಎ, ಬಿ, ಸಿ ಕಾರ್ಡ್‌ಗಳಿವೆ. ಒಂದು ದಿನದ ಭೇಟಿಯಿಂದ ಹೋಟೆಲನ್ನು ಅಳೆಯುವುದು ಸರಿಯಾ ಅಂತ ನನ್ನ ವೃತ್ತಿಯವರೇ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಅರ್ಥ ಇದೆ. ಆದರೂ ನಾನು ಅದರ ಪರ. ಗಿರಾಕಿ ನಮ್ಮ ಅಡುಗೆಮನೆಯೊಳಗೆ ಬಂದು ನೋಡಲಾರರು, ಅವರ ಪರವಾಗಿ ಒಬ್ಬರು ನೋಡಿದ್ದಾರೆ, ಆ ಮಾತು ಅವರಿಗೆ ತಿಳಿಯಬೇಕು.

ಈಗ ಪಾತ್ರೆ ತೊಳೆಯುವ ಮೆಷಿನ್ ತರಬೇಕು ಅಂತಿದ್ದೇವೆ. ಅದಕ್ಕೆ ನೀರಿನ ಲೈನ್ ಬದಲಾಗಬೇಕು, ಒಂದು ಸಿಂಕ್ ಅರ್ಧ ಮೀಟರ್ ಸರಿಯಬೇಕು. ಪ್ಲಂಬರ್ ಕಳೆದ ವಾರವೇ ಬರುತ್ತೇನೆ ಅಂದಿದ್ದರು. ನಕ್ಷೆ ಕಚೇರಿಯಲ್ಲಿದೆ, ಒಪ್ಪಿಗೆ ಬಂದ ಮೇಲೆ ಕರೆಯುತ್ತೇನೆ ಅಂತ ಹೇಳಿದ್ದೇನೆ.