ಪದ್ಯ ನಮ್ಮದು, ಅರ್ಥ ಬಂದವರದು: ಸರ್ಕಸ್ ಇನ್‌ಸ್ಟಲೇಷನ್ ಕಟ್ಟುವುದು ಹೇಗೆ?

ಮಂಗಳೂರಿನ ನೆಹರೂ ಮೈದಾನದಲ್ಲಿ ಸರ್ಕಸ್ ಡೇರೆ ಏಳುತ್ತಿದ್ದ ಕಾಲದಲ್ಲಿ ನಮ್ಮ ಪಾಲಿನ ಸರ್ಕಸ್ ಮೊದಲ ಆಟಕ್ಕಿಂತ ಮುಂಚೆಯೇ ಶುರುವಾಗುತ್ತಿತ್ತು. ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ, ಗೂಟ ಹೊಡೆಯುವವರನ್ನೂ ಹಗ್ಗದ ಮೇಲೆ ಒಣಗಲು ಹಾಕಿದ ಮಿನುಗು ಬಟ್ಟೆಗಳನ್ನೂ ನೋಡುತ್ತ ನಿಲ್ಲುತ್ತಿದ್ದೆವು. ಒಂದು ಸಂಜೆ ಮುಖಕ್ಕೆ ಬಣ್ಣವಿಲ್ಲದ ಜೋಕರೊಬ್ಬ ಹಗ್ಗದ ತುದಿಯನ್ನು ನನ್ನ ಕೈಗಿತ್ತು ‘ಹಿಡಿ’ ಎಂದ. ಹಿಡಿದೆ. ಆಮೇಲೆ ಟಿಕೆಟು ಕೊಂಡು ನೋಡಿದ ಆಟದಲ್ಲಿ ಏನೇನಿತ್ತೋ ಮರೆತಿದೆ, ಅಂಗೈಗೆ ತಾಗಿದ ಆ ಹಗ್ಗ ಮಾತ್ರ ಮರೆತಿಲ್ಲ.

ಕಳೆದ ಜನವರಿಯಲ್ಲಿ ಮಂಗಳೂರು ಬಂದರಿನ ಹಳೆಯ ಹಂಚಿನ ಗೋದಾಮೊಂದರಲ್ಲಿ ನಾವು ಎಂಟು ಮಂದಿ ಗೆಳೆಯರು ಎರಡು ಸಂಜೆಗಳ ಸರ್ಕಸ್ ಕಟ್ಟಿದ್ದು ಆ ‘ಹಿಡಿ’ಯ ನೆನಪಿನಲ್ಲೇ. ಇನ್‌ಸ್ಟಲೇಷನ್ ಎಂದರೆ ಗೋಡೆಗೆ ತೂಗಿಸಿ ದೂರದಿಂದ ನೋಡುವ ಚಿತ್ರವಲ್ಲ, ಒಳಹೊಕ್ಕು ಓಡಾಡುವ ಕಲಾಕೃತಿ. ಬಂದವರು ಅಲ್ಲಿನ ವಸ್ತುಗಳನ್ನು ಮುಟ್ಟಬಹುದು, ಎತ್ತಬಹುದು, ಕಲಾವಿದರೊಡನೆ ಮಾತಿಗೆ ಇಳಿಯಬಹುದು. ಆ ಮಾತು ಮೊದಲೇ ಬರೆದಿಟ್ಟದ್ದಲ್ಲ. ನಿಮ್ಮ ಊರಿನಲ್ಲೂ ಹೀಗೊಂದು ಮಾಡಬೇಕೆನಿಸಿದರೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತು.

ಮೊದಲು ಪ್ರಸಂಗ

ಸಾಮಾನು ಕೊಳ್ಳುವ ಮೊದಲು ಪ್ರಸಂಗ ಬರೆಯಿರಿ. ಆಶು ಅಭಿನಯವೆಂದರೆ ಏನೂ ನಿಶ್ಚಯವಿಲ್ಲದ ಆಟ ಎಂದುಕೊಳ್ಳುವವರು ಯಕ್ಷಗಾನವನ್ನು ನೆನಪಿಸಿಕೊಳ್ಳಬೇಕು. ಭಾಗವತರ ಪದ್ಯ ಬರೆದಿಟ್ಟದ್ದು, ತಾಳ ನಿಶ್ಚಿತ. ಪದ್ಯ ಮುಗಿದ ಮೇಲೆ ಬರುವ ಮಾತು ಆ ರಾತ್ರಿಯದ್ದು, ಆ ವೇಷಧಾರಿಯದ್ದು. ತಾಳಮದ್ದಳೆಯಲ್ಲಂತೂ ವೇಷ, ಕುಣಿತ ಎರಡೂ ಇಲ್ಲದೆ ಆಟವೆಲ್ಲ ಅರ್ಥಗಾರಿಕೆಯ ಮೇಲೆ, ಎಂದರೆ ಪದ್ಯಕ್ಕೆ ಅಲ್ಲೇ ಹುಟ್ಟುವ ಮಾತಿನ ಮೇಲೆ, ನಿಲ್ಲುತ್ತದೆ. ಪದ್ಯ ಗಟ್ಟಿಯಿದ್ದರೆ ಅರ್ಥ ಎಷ್ಟು ದೂರ ಅಲೆದರೂ ಮರಳಿ ಬರುತ್ತದೆ. ನಮ್ಮ ಕೆಲಸದ ಬುಡ ಇದೇ.

ನಮ್ಮ ಪ್ರಸಂಗ ಒಂದೇ ಸಾಲಿನದು: ಸರ್ಕಸ್ಸಿನ ಆನೆ ಕಾಣೆಯಾಗಿದೆ, ಇವತ್ತಿನ ಆಟ ನಡೆಯಬೇಕಾದರೆ ಬಂದವರೆಲ್ಲ ಸೇರಿ ಹುಡುಕಬೇಕು. ಅದಕ್ಕೆ ಐದು ‘ಪದ್ಯ’ಗಳು. ಗೇಟಿನಲ್ಲಿ ಆನೆಯ ಸುದ್ದಿ, ಆಮೇಲೆ ಕನ್ನಡಿ ಓಣಿ, ಹಗ್ಗದ ನಡಿಗೆ, ಬಣ್ಣ ಹಚ್ಚುವ ಚೌಕಿ, ಕೊನೆಗೆ ರಿಂಗು. ಒಂದೊಂದು ಕಡೆಯೂ ಆನೆಯ ಒಂದು ಅಂಗ ಸಿಗುತ್ತದೆ. ರಿಂಗಿಗೆ ಬರುವಾಗ ಒಬ್ಬರ ಕೈಯಲ್ಲಿ ಕಿವಿ, ಇನ್ನೊಬ್ಬರ ಹೆಗಲ ಮೇಲೆ ಸೊಂಡಿಲು. ಎಲ್ಲರೂ ಸೇರಿ ಜೋಡಿಸಿ ಆನೆಯನ್ನು ನಡೆಸಿದರೆ ಆಟ ಮುಗಿಯಿತು.

ಆನೆಯನ್ನು ಕಾಣೆ ಮಾಡಿದ್ದಕ್ಕೆ ಕಾರಣವಿದೆ. ಸರ್ಕಸ್ ಎಂದೊಡನೆ ಹಿರಿಯರಿಗೆ ನೆನಪಾಗುವುದು ಪ್ರಾಣಿಗಳು. 1998ರಲ್ಲಿ ಕೇಂದ್ರ ಸರಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೋದದ್ದು ಒಳ್ಳೆಯದೇ ಆಯಿತು ಎನ್ನುವವನು ನಾನು. ಆದರೆ ರಿಂಗಿನ ಮಧ್ಯದಲ್ಲಿ ಖಾಲಿಯಾದ ಆ ಜಾಗವನ್ನು ಮನುಷ್ಯರೇ ತುಂಬಬೇಕು ಎಂಬ ಯೋಚನೆ ನಮ್ಮ ಪ್ರಸಂಗವಾಯಿತು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬಣ್ಣ ಚೆನ್ನಾಗಿದೆಯೆಂದು ಭೂತಕೋಲದ ದೈವದ ಅಣಿ (ಬೆನ್ನ ಹಿಂದಿನ ಪ್ರಭಾವಳಿ), ಗಗ್ಗರ (ಕಾಲಂದುಗೆ), ಮುಖವರ್ಣಿಕೆಗಳನ್ನು ಸರ್ಕಸ್ಸಿನೊಳಗೆ ತರಬೇಡಿ. ಅವು ಆರಾಧನೆಯ ಭಾಗ, ಅಲಂಕಾರವಲ್ಲ. ಹುಲಿವೇಷವೂ ಎಷ್ಟೋ ಜನರಿಗೆ ಹರಕೆ. ಬೇಕೇ ಬೇಕೆಂದರೆ ವೇಷ ಹಾಕುವ ತಂಡದ ಹಿರಿಯರನ್ನು ಕೇಳಿ, ಅವರು ಒಪ್ಪಿದ ರೀತಿಯಲ್ಲಷ್ಟೇ ಮಾಡಿ.

ಕಾಲ, ಜಾಗ, ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲೆ ಮಳೆ ಬಿದ್ದರೆ ಒಳಗೆ ಪಕ್ಕದವರ ಮಾತೂ ಕೇಳದು. ಅಕ್ಟೋಬರಿನಲ್ಲಿ ಸಂಜೆಯ ಗುಡುಗು ಮಳೆ, ನವರಾತ್ರಿಯ ಓಡಾಟ. ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವಗಳು, ಕ್ರಿಸ್‌ಮಸ್. ಉಳಿಯುವುದು ಜನವರಿಯ ಎರಡನೆಯ ವಾರದಿಂದ ಫೆಬ್ರವರಿ ಕೊನೆಯವರೆಗೆ. ಆ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ತಿರುಗಾಟ ಮುಗಿಯುವ ಮೇ ಕೊನೆಯ ಪತ್ತನಾಜೆಯ ತನಕ ವೃತ್ತಿ ಕಲಾವಿದರು ರಾತ್ರಿ ಸಿಗುವುದಿಲ್ಲ. ಹಾಗಾಗಿ ಹವ್ಯಾಸಿಗಳನ್ನೂ ಕಾಲೇಜು ರಂಗತಂಡದವರನ್ನೂ ನೆಚ್ಚಿಕೊಳ್ಳಿ.

ಪಣಂಬೂರು, ತಣ್ಣೀರುಬಾವಿ, ಮಲ್ಪೆಯ ಮರಳ ಮೇಲೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಬಲವಾಗಿ, ಕಟ್ಟಿದ ಬಟ್ಟೆಯೆಲ್ಲ ಹಾಯಿಯಂತೆ ಕಂಬಗಳನ್ನು ಎಳೆಯುತ್ತದೆ. ಮೊದಲ ಸಲಕ್ಕೆ ಮಾಡಿನ ಕೆಳಗೇ ಮಾಡಿ. ಹಂಚಿನ ಕಟ್ಟಡವಾದರೆ ಪಕ್ಕಾಸಿಗೂ ರೀಪಿಗೂ ಏನನ್ನೂ ತೂಗುಹಾಕಬೇಡಿ. ಅವು ಹಂಚು ಹೊರಲು ಇರುವಂಥವು, ನಿಮ್ಮ ದೀಪವನ್ನಲ್ಲ. ನಾವು ಒಳಗೇ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ, ಬೋಲ್ಟು ಬಿಗಿದು, ಎಲ್ಲ ಭಾರವನ್ನು ಅದಕ್ಕೆ ಕೊಟ್ಟೆವು.

1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿಯ ಆಟ ಶುರುಮಾಡಿದ ಫಿಲಿಪ್ ಆಸ್ಟ್ಲಿಯಿಂದ ಬಂದ ರೂಢಿಯಂತೆ ಸರ್ಕಸ್ ರಿಂಗಿನ ಅಡ್ಡಳತೆ 42 ಅಡಿ. ಓಡುವ ಕುದುರೆಯ ಬೆನ್ನ ಮೇಲೆ ನಿಂತವನು ವೃತ್ತದ ಓಟದ ಸೆಳೆತಕ್ಕೆ ಒಳಕ್ಕೆ ವಾಲಿ ಸಮತೋಲ ಹಿಡಿಯಲು ಆ ಅಳತೆ ಸರಿಹೋಯಿತು. ನಮಗೆ ಕುದುರೆಯಿಲ್ಲವಲ್ಲ, ಅದರ ಮೂರನೇ ಒಂದು ಪಾಲು, 14 ಅಡಿ, ಧಾರಾಳ ಸಾಕಾಯಿತು.

ಜನರ ಲೆಕ್ಕವನ್ನು ಅಂದಾಜಿಗೆ ಬಿಡಬೇಡಿ. ನಮ್ಮ ಗೋದಾಮು 60 ಅಡಿ ಉದ್ದ, 30 ಅಡಿ ಅಗಲ, ಒಟ್ಟು 1,800 ಚದರಡಿ. ಅರ್ಧ ಜಾಗ ಕಟ್ಟೋಣಕ್ಕೇ ಹೋಯಿತು. ಉಳಿದ 900ರಲ್ಲಿ ಒಬ್ಬರಿಗೆ 15 ಚದರಡಿಯಂತೆ 60 ಜನ ಹಿಡಿಯುತ್ತಾರೆ. ಆದರೆ ಆರು ಕಲಾವಿದರು ಅಷ್ಟು ಜನರೊಡನೆ ಮಾತಾಡಲಾರರು. 40ಕ್ಕೆ ನಿಲ್ಲಿಸಿದೆವು. ಒಂದು ಆಟಕ್ಕೆ 25 ನಿಮಿಷ, ಮರುಜೋಡಣೆಗೆ 5 ನಿಮಿಷ. ಸಂಜೆ ನಾಲ್ಕೂವರೆಯಿಂದ ಎಂಟೂವರೆಯೊಳಗೆ ಎಂಟು ಆಟ, 320 ಜನ. ಆ ಐದು ನಿಮಿಷವನ್ನು ಉಳಿಸಲು ಹೋಗಬೇಡಿ. ಆನೆಯನ್ನು ಬಿಚ್ಚಿ ಮತ್ತೆ ಅಡಗಿಸಿಡಲು, ಕಲಾವಿದರು ನೀರು ಕುಡಿಯಲು ಇರುವುದು ಅದೊಂದೇ ಬಿಡುವು.

ಕಟ್ಟುವ ಕೆಲಸ

ಎಲ್ಲಕ್ಕಿಂತ ಹೆಚ್ಚು ಜನರನ್ನು ಹಿಡಿದು ನಿಲ್ಲಿಸಿದ್ದು ಹಗ್ಗ. ತಂತಿ ನಡಿಗೆಯ ಹಗ್ಗವನ್ನು ನಾವು ಕಟ್ಟಿದ್ದು ನೆಲದ ಮೇಲೆ. ಪ್ಲೈವುಡ್ ಹಾಸಿ, ಅದರ ಮೇಲೆ ಹದ್ದಿನ ಕಣ್ಣಿಗೆ ಕಾಣುವಂತೆ ಮಂಗಳೂರನ್ನು ಬರೆದೆವು: ಕೆಂಪು ಹಂಚಿನ ಮಾಡುಗಳು, ನಕ್ಷತ್ರದಂತೆ ಬಿಚ್ಚಿದ ತೆಂಗಿನ ತಲೆಗಳು, ಬೂದು ಹಸಿರಿನ ನೇತ್ರಾವತಿ, ಅದರಲ್ಲಿ ಅಕ್ಕಿಕಾಳಿನಷ್ಟು ದೋಣಿ. ಇಷ್ಟರ ಮೇಲೆ 20 ಅಡಿ ಉದ್ದದ ತೆಂಗಿನ ನಾರಿನ ಹುರಿ. ಹುರಿ ಹೆಬ್ಬೆರಳಿಗಿಂತ ದಪ್ಪವಿದ್ದರೆ ಪಾದ ಉಳುಕುತ್ತದೆ, ತೆಳ್ಳಗಿದ್ದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ಪ್ರತಿ ಅಡಿಗೊಂದು ಕಡೆ ಹಲಗೆಗೆ ಬಿಗಿದು ಹೊಲಿಯಿರಿ, ಉರುಳಬಾರದು. ಸಮತೋಲಕ್ಕೆ ಕೋಲಿನ ಬದಲು ಕೊಡೆ. ಮನೆಯಿಂದಲೇ ಮಳೆಗಾಲದ ಕೊಡೆ ತನ್ನಿ ಎಂದು ಆಮಂತ್ರಣದಲ್ಲೇ ಬರೆದಿದ್ದೆವು. ಮೀನು ಮಾರುವ ಒಬ್ಬ ಅಮ್ಮ ಚಪ್ಪಲಿ ಕಳಚಿ ಬದಿಗಿಟ್ಟು, ಕಪ್ಪು ಕೊಡೆ ಬಿಚ್ಚಿ, ಕಣ್ಣು ನೆಲದ ನದಿಯಿಂದ ತೆಗೆಯದೆ ನಡೆದರು. ನದಿಯ ನಡುವೆ ನಿಂತು ಉಸಿರು ಎಳೆದುಕೊಂಡದ್ದು ನಮಗೆಲ್ಲ ಕೇಳಿತು. ನೆಲದಿಂದ ಅವರ ಪಾದ ಒಂದಂಗುಲವೂ ಮೇಲಿರಲಿಲ್ಲ.

ಕನ್ನಡಿ ಓಣಿಗೆ ಗಾಜು ಬೇಡ. 2 ಮಿಲಿಮೀಟರಿನ ಅಕ್ರಿಲಿಕ್ ಕನ್ನಡಿ ಹಾಳೆಯನ್ನು ಬಾಗಿಸಿ ಪ್ಲೈವುಡ್ ಪಟ್ಟಿಗೆ ಕೂರಿಸಬಹುದು. ಎಡಬಲದ ಅಂಚುಗಳು ಹಿಂದಕ್ಕೆ ಬಾಗಿದರೆ ಎದುರು ನಿಂತವರು ಕಡ್ಡಿಯಾಗುತ್ತಾರೆ, ಮೇಲೆ ಕೆಳಗಿನ ಅಂಚು ಬಾಗಿದರೆ ಗಿಡ್ಡವಾಗುತ್ತಾರೆ. ಕನ್ನಡಿಯ ಕೆಳಅಂಚು ನೆಲದಿಂದ ಅರ್ಧ ಅಡಿಯಲ್ಲೇ ಇರಲಿ. ಪುಟ್ಟ ಮಕ್ಕಳೂ ಗಾಲಿಕುರ್ಚಿಯಲ್ಲಿ ಬಂದವರೂ ತಮ್ಮನ್ನು ತಾವು ನೋಡಿಕೊಳ್ಳಬೇಕು.

ಆನೆಗೆ ನಮ್ಮ ಜಾತ್ರೆಗಳ ತಟ್ಟಿರಾಯನೇ, ಒಳಹೊಕ್ಕು ಕುಣಿಸುವ ಆ ದೊಡ್ಡ ಬಿದಿರ ಗೊಂಬೆಯೇ, ಗುರು. ಬಿದಿರಿನ ಹಗುರ ಬುಟ್ಟಿಯಂಥ ಮೈ, ಒಳಗೆ ನಾಲ್ಕು ಜನ ನಿಂತು ನಡೆಯುವಷ್ಟು ಜಾಗ. ಕಿವಿಗೆ ಅಡಿಕೆ ಹಾಳೆ: ನೀರಲ್ಲಿ ನೆನೆಸಿ ಬಿಡಿಸಿ, ಕಲ್ಲು ಹೇರಿ ಒಣಗಿಸಿದರೆ ಚಪ್ಪಟೆಯಾಗುತ್ತದೆ, ಅಲ್ಲಾಡಿಸಿದರೆ ನಿಜವಾಗಿ ಗಾಳಿ ಬೀಸುತ್ತದೆ. ಸೊಂಡಿಲಿಗೆ ಗೋಣಿ. ಜೋಡಣೆಗೆ ಮೊಳೆ ಬೇಡ, ಬಟ್ಟೆಯ ದಾರವನ್ನು ಗಂಟು ಹಾಕಿದರೆ ಮಕ್ಕಳೂ ಕಟ್ಟುತ್ತಾರೆ.

ಆಶು ಮಾತಿನ ತಾಲೀಮು

ದುಡ್ಡು ಕಡಿಮೆಯಿದ್ದರೆ ಬಟ್ಟೆಯಲ್ಲಿ ಉಳಿಸಿ, ತಾಲೀಮಿನಲ್ಲಿ ಉಳಿಸಬೇಡಿ. ನಾವು ಹದಿನೈದು ದಿನ ಕೂಡಿದೆವು. ನಿಯಮ ಒಂದೇ. ಬಂದವರು ಏನು ಹೇಳಿದರೂ ಒಪ್ಪಿಕೊಳ್ಳಬೇಕು, ಅದಕ್ಕೆ ಒಂದು ಎಳೆ ಸೇರಿಸಬೇಕು. ‘ನಮ್ಮ ಆನೆಯನ್ನು ಕಂಡಿರಾ ಅಮ್ಮ?’ ಎಂದರೆ ‘ನಿನ್ನೆ ನಮ್ಮ ಬಾಳೆಗೊನೆ ತಿಂದು ಹೋಯಿತು’ ಎಂಬ ಉತ್ತರ ಬಂತೆನ್ನಿ. ‘ನಮ್ಮ ಆನೆ ಬಾಳೆ ತಿನ್ನುವುದಿಲ್ಲ’ ಎಂದರೆ ಅಲ್ಲಿಗೆ ಮಾತಿನ ಬಾಗಿಲು ಮುಚ್ಚಿತು. ‘ಅಯ್ಯೋ, ಹಾಗಾದರೆ ಹೊಟ್ಟೆ ತುಂಬಿ ಇಲ್ಲೇ ಎಲ್ಲೋ ಮಲಗಿದೆ. ಗೊರಕೆ ಕೇಳಿದರೆ ಹೇಳಿ ಅಮ್ಮ’ ಎಂದರೆ ಅವರೇ ಕಿವಿಗೊಟ್ಟು ಹುಡುಕಲು ಹೊರಡುತ್ತಾರೆ.

ಇದು ಕೇಳಲು ಸುಲಭ. ಮಾತು ಬಲ್ಲವರಿಗೇ ಹೆಚ್ಚು ಕಷ್ಟ. ನಮ್ಮ ತಂಡದಲ್ಲಿ ತಾಳಮದ್ದಳೆಯ ಒಳ್ಳೆಯ ಅರ್ಥಧಾರಿಯೊಬ್ಬರಿದ್ದರು. ನೆರೆಮನೆಯವರನ್ನು ಕರೆದು ಮಾಡಿದ ಮೊದಲ ಪ್ರಯೋಗದಲ್ಲಿ ಎಂಟು ವರ್ಷದ ಹುಡುಗ ‘ಆನೆ ಸಮುದ್ರಕ್ಕೆ ಹೋಗಿದೆ’ ಎಂದ. ನಮ್ಮವರು ಎದುರು ಪಕ್ಷ ಹಿಡಿದು, ಉಪ್ಪು ನೀರು ಕುಡಿಯಲಾಗದು, ಮರಳಲ್ಲಿ ಹೆಜ್ಜೆಯಿಲ್ಲ ಎಂದು ಸಾಲಾಗಿ ಸವಾಲು ಹಾಕಿದರು. ದೊಡ್ಡವರು ಚಪ್ಪಾಳೆ ತಟ್ಟಿದರು. ಹುಡುಗ ಅಮ್ಮನ ಸೆರಗಿನ ಹಿಂದೆ ಸರಿದವನು ಮತ್ತೆ ಬಾಯಿ ತೆರೆಯಲಿಲ್ಲ. ತಾಳಮದ್ದಳೆಯಲ್ಲಿ ವಾದ ಗೆಲ್ಲುವುದೇ ಸೊಗಸು, ಇಲ್ಲಿ ಬಂದವರನ್ನು ಗೆಲ್ಲಿಸಬೇಕು. ಆ ರಾತ್ರಿ ನಾವು ಬಹಳ ಹೊತ್ತು ಈ ಮಾತನ್ನೇ ಆಡಿದೆವು. ಮರುದಿನ ಅದೇ ಹುಡುಗನನ್ನು ಕರೆಸಿದಾಗ ಅರ್ಥಧಾರಿಗಳು ಮಂಡಿಯೂರಿ ಕೂತು, ‘ಸಮುದ್ರಕ್ಕಾ? ಯಾವ ಬದಿಗೆ ಹೋಯಿತು, ಪಣಂಬೂರಿಗಾ ಉಳ್ಳಾಲಕ್ಕಾ?’ ಎಂದು ಕೇಳಿದರು. ‘ಉಳ್ಳಾಲಕ್ಕೆ, ನನ್ನ ಅಜ್ಜಿ ಮನೆಗೆ.’ ಅಲ್ಲಿಂದ ಹತ್ತು ನಿಮಿಷ ಅವನೇ ದಾರಿ ತೋರಿಸಿದ.

ಇನ್ನುಳಿದ ಕಟ್ಟುಪಾಡುಗಳು: ಕೈ ಚಾಚಿ ಕರೆಯಿರಿ, ಎಳೆಯಬೇಡಿ. ಒಬ್ಬರು ಅರ್ಧ ಹೆಜ್ಜೆ ಹಿಂದೆ ಸರಿದರೂ ಅದು ‘ಬೇಡ’ ಎಂದೇ ಅರ್ಥ, ನಗುತ್ತ ಬೇರೆಯವರ ಬಳಿಗೆ ಹೋಗಿ. ಸುಮ್ಮನೆ ನೋಡಬಯಸುವವರಿಗೆ ಗೇಟಿನಲ್ಲೇ ಒಂದು ಹಳದಿ ರಿಬ್ಬನ್ ಕೊಡಿ, ಕೈಗೆ ಕಟ್ಟಿಕೊಂಡರೆ ಯಾರೂ ಮಾತಿಗೆಳೆಯುವುದಿಲ್ಲ. ಮೈಕಟ್ಟು, ಬಣ್ಣ, ಜಾತಿ, ಉಡುಪು ಇವುಗಳ ಮೇಲೆ ಹಾಸ್ಯ ಕೂಡದು, ಕನ್ನಡಿ ಓಣಿಯಲ್ಲಂತೂ ತೀರಾ ಎಚ್ಚರ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಆಡುವವರು ತಂಡದಲ್ಲಿರಲಿ. ತುಳುವಿನಲ್ಲಿ ‘ಬಲೆ ಬಲೆ’ (ಬನ್ನಿ ಬನ್ನಿ) ಎಂದು ಕರೆದಾಗ ಅರಳುವ ಮುಖ ‘ಸುಸ್ವಾಗತ’ಕ್ಕೆ ಅರಳದು. ಮಕ್ಕಳನ್ನು ನೋಡುಗರಾಗಿ ಕರೆಯಿರಿ, ಕೆಲಸಕ್ಕಲ್ಲ. ಸರ್ಕಸ್‌ಗಳಲ್ಲಿ ಮಕ್ಕಳನ್ನು ದುಡಿಸುವುದರ ವಿರುದ್ಧ 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿದ್ದರ ಹಿಂದೆ ಎಷ್ಟು ನೋವಿದೆ ಎಂದು ಓದಿದವರಿಗೆ ಗೊತ್ತು.

ಆಗುವುದಾದರೆ ತಂಡವನ್ನು ಒಂದು ದಿನ ಕೇರಳದ ತಲಶ್ಶೇರಿಗೆ ಕರೆದುಕೊಂಡು ಹೋಗಿ. ಕಾಸರಗೋಡು, ಕಣ್ಣೂರು ದಾಟಿದರೆ ಅದೇ ನಿಲ್ದಾಣ. ವಿಷ್ಣುಪಂತ ಛತ್ರೆಯವರ ‘ಗ್ರೇಟ್ ಇಂಡಿಯನ್ ಸರ್ಕಸ್’ 1880ರಲ್ಲೇ ಶುರುವಾಯಿತಾದರೂ, ದೇಶದ ಡೇರೆಗಳಿಗೆ ತಲೆಮಾರುಗಟ್ಟಲೆ ಕಲಾವಿದರನ್ನು ಕೊಟ್ಟದ್ದು ಕೀಲೇರಿ ಕುಂಞಿಕಣ್ಣನ್ ತಲಶ್ಶೇರಿಯಲ್ಲಿ 1901ರಲ್ಲಿ ತೆರೆದ ಶಾಲೆಯ ಪರಂಪರೆ.

ಅಪಾಯ ತಪ್ಪಿಸಲು

ಪೊಲೀಸ್ ಠಾಣೆ, ಪಾಲಿಕೆ, ಅಗ್ನಿಶಾಮಕ ಠಾಣೆಗೆ ಒಂದು ತಿಂಗಳ ಮೊದಲೇ ಅರ್ಜಿ ಕೊಡಿ. ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ ಬೇಕು, ರಾತ್ರಿ ಹತ್ತರ ನಂತರ ಬಳಸುವಂತಿಲ್ಲ. ವಿದ್ಯುತ್ತಿಗೆ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್ಚು) ಹಾಕಿಸಿ. ಕೈಗೆಟಕುವ ದೀಪಗಳೆಲ್ಲ 12 ವೋಲ್ಟಿನವೇ ಆಗಲಿ.

ಇಳಿಬಿಡುವ ಹತ್ತಿಬಟ್ಟೆಗೆ ಬೆಂಕಿ ಬೇಗ ಹಿಡಿಯದಂತೆ ಮಾಡಲು ಲೀಟರ್ ಬಿಸಿನೀರಿಗೆ ಸುಮಾರು 100 ಗ್ರಾಂ ಬಿಳಿಗಾರ, 45 ಗ್ರಾಂ ಬೋರಿಕ್ ಆಸಿಡ್ ಕರಗಿಸಿ, ಕೈಗವಸು ಹಾಕಿ ಅದ್ದಿ ಒಣಗಿಸಿ. ಒಂದು ತುಂಡನ್ನು ಹೊರಗೆ ಒಯ್ದು ಕಡ್ಡಿ ಗೀರಿ ಪರೀಕ್ಷಿಸಿ. ಒಗೆದರೆ ಈ ಗುಣ ಹೋಗುತ್ತದೆ. ದೊಂದಿ ಹಚ್ಚಿ ರಾಳ ಎರಚುವ ಆಸೆ ಖಂಡಿತ ಬೇಡ. ಹೊರಹೋಗಲು ಎರಡು ಬಾಗಿಲು, ಎರಡಕ್ಕೂ ಅಡ್ಡ ಏನೂ ಇರಬಾರದು. ತುರ್ತಿಗೆ ಮದ್ದಳೆಯಲ್ಲಿ ಒಂದು ನಿರ್ದಿಷ್ಟ ಪೆಟ್ಟು ಗೊತ್ತುಮಾಡಿ. ಅದು ಕೇಳಿದ ಕ್ಷಣ ಕಲಾವಿದರೆಲ್ಲ ಪಾತ್ರ ಬಿಟ್ಟು ಜನರನ್ನು ಹೊರಗೆ ಕರೆದೊಯ್ಯಬೇಕು. ಇದಕ್ಕೆ ಚೆಂಡೆ ಬೇಡ, ಮುಚ್ಚಿದ ಜಾಗದಲ್ಲಿ ಬಾರಿಸಿದರೆ ಕಿವಿ ತಡೆಯದು.

ಆಟದ ಸಂಜೆ

ಮೊದಲ ಆಟಕ್ಕೆ ಮುಂಚೆ ತಂಡದ ಎಲ್ಲರೂ ಚಪ್ಪಲಿ ಕಳಚಿ ಗೋದಾಮು ಪೂರ್ತಿ ನಡೆಯಿರಿ. ಮೊಳೆ, ಸಿಬಿರು, ಹಸಿ ಬಣ್ಣ ಇದ್ದರೆ ಪಾದಕ್ಕೆ ಗೊತ್ತಾಗುತ್ತದೆ. ಕೊನೆಯ ಆಟ ಮುಗಿದ ಮೇಲೆ ಚೌಕಿಯಲ್ಲಿ ಅರ್ಧ ಗಂಟೆ ಕೂತು, ಆನೆ ಎಲ್ಲೆಲ್ಲಿಗೆ ಹೋಗಿತ್ತೆಂದು ಬಂದವರು ಹೇಳಿದರೋ ಅದನ್ನೆಲ್ಲ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ನಮ್ಮ ಎರಡನೆಯ ಸಂಜೆಯ ಗೇಟಿನ ಮಾತುಗಳೆಲ್ಲ ಹುಟ್ಟಿದ್ದು ಅಲ್ಲಿಂದ: ಉಳ್ಳಾಲದ ಅಜ್ಜಿ ಮನೆ, ಯಾರದೋ ಹಿತ್ತಿಲ ಬಾವಿ, ರಾತ್ರಿ ರೈಲಿನ ಮೇಲಿನ ಬರ್ತ್.

ಬಿಚ್ಚುವಾಗ ಮೊದಲು ವಿದ್ಯುತ್ತು, ಆಮೇಲೆ ಬಟ್ಟೆ, ಕೊನೆಗೆ ಚೌಕಟ್ಟು. ಹುರಿಯನ್ನು ಸುತ್ತಿ ಒಣ ಜಾಗದಲ್ಲಿ ಇಡಿ, ಮುಂದಿನ ವರ್ಷಕ್ಕೂ ಬರುತ್ತದೆ. ಆನೆಯ ಕಿವಿಗಳನ್ನು ನಾವು ಇಟ್ಟುಕೊಳ್ಳಲಿಲ್ಲ. ಒಂದನ್ನು ಆ ಹುಡುಗ ಕೇಳಿ ಒಯ್ದ, ಇನ್ನೊಂದನ್ನು ಮೀನು ಮಾರುವ ಅಮ್ಮ ಬೀಸಣಿಗೆಗೆಂದು ತೆಗೆದುಕೊಂಡು ಹೋದರು.